ಡೌನ್ ಕೋಟೋ, ಉಣ್ಣೆ ಕೋಟೋ? ಚಳಿ ದೇಶಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್‌ನಲ್ಲಿ ಓದಲು ಹೊರಡುವ ಮಕ್ಕಳು, ಕೆಲಸದ ಮೇಲೆ ಹೋಗುವವರು, ಮಗಳ ಬಾಣಂತನಕ್ಕೆಂದು ನಡು ಚಳಿಗಾಲದಲ್ಲೇ ವಿಮಾನ ಹತ್ತಬೇಕಾದ ಅಮ್ಮಂದಿರು, ಎಲ್ಲರೂ ಕೇಳುವುದು ಇದನ್ನೇ: ಯಾವ ಕೋಟು ತಗೊಳ್ಳಲಿ? ಶಿಕಾಗೋ, ಟೊರೊಂಟೊ, ಮಿನಿಯಾಪೊಲಿಸ್ ಕಡೆ ಹೋಗುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ. ಲಂಡನ್ ಮತ್ತು ಕಾಶ್ಮೀರದ ಮಾತೂ ನಡುವೆ ಬರುತ್ತದೆ.

ಮೊದಲು ಒಂದೇ ಮಾತಿನಲ್ಲಿ ಹೇಳಿಬಿಡಿ, ಯಾವುದು ಜಾಸ್ತಿ ಬೆಚ್ಚಗೆ?

ಡೌನ್, ಅಂದರೆ ಹಕ್ಕಿಯ ತುಪ್ಪಳ ತುಂಬಿದ ಕೋಟು. ಅದರಲ್ಲಿ ಅನುಮಾನವಿಲ್ಲ. ಒಂದೇ ತೂಕದ ಎರಡು ಕೋಟು ಪಕ್ಕಪಕ್ಕ ಇಟ್ಟರೆ ಉಣ್ಣೆ ಅದರ ಹತ್ತಿರಕ್ಕೂ ಬರುವುದಿಲ್ಲ. ಮೈನಸ್ 15 ಡಿಗ್ರಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಲ್ಲಬೇಕಾದವರು ಹೆಚ್ಚು ಯೋಚಿಸದೆ ಡೌನ್ ತಗೊಳ್ಳಬಹುದು.

ಆದರೆ ಎಲ್ಲ ಚಳಿಯೂ ಒಂದೇ ಥರ ಇರುವುದಿಲ್ಲ. ಒಣ ಚಳಿ ಇದೆ, ಒದ್ದೆ ಚಳಿ ಇದೆ. ನಿಂತಲ್ಲೇ ನಿಂತಾಗಿನ ಚಳಿ ಬೇರೆ, ಬಿರಬಿರನೆ ನಡೆಯುವಾಗಿನ ಚಳಿ ಬೇರೆ. ಮಳೆ ಜಿನುಗುವ 5 ಡಿಗ್ರಿಯ ಊರಿನಲ್ಲಿ ದಪ್ಪ ಡೌನ್ ಕೋಟು ಹಾಕಿಕೊಂಡು ನಡೆದವರು ಒಳಗೆ ಬೆವರಿ, ಹೊರಗೆ ತೋಯ್ದು, ಕೊನೆಗೆ ನಡುಗುತ್ತಾ ಮನೆ ಸೇರುತ್ತಾರೆ. ಅದಕ್ಕೇ ಮೊದಲು ಊರು ನೋಡಿ, ನಿಮ್ಮ ದಿನಚರಿ ನೋಡಿ, ಆಮೇಲೆ ಕೋಟು ನೋಡಿ.

ಡೌನ್ ಅಂದರೆ ಹಕ್ಕಿ ಪುಕ್ಕ ತಾನೇ?

ಪುಕ್ಕ ಅಲ್ಲ, ಪುಕ್ಕದ ಕೆಳಗಿರುವ ತುಪ್ಪಳ. ಬಾತುಕೋಳಿ ಮತ್ತು ಹೆಬ್ಬಾತಿನ ಎದೆಯ ಮೇಲೆ, ಹೊರಗೆ ಕಾಣುವ ಗರಿಗಳ ಅಡಿಯಲ್ಲಿ ಇದು ಇರುತ್ತದೆ. ಗರಿಗೆ ನಡುವೆ ಒಂದು ಕಡ್ಡಿ ಇರುತ್ತದಲ್ಲ, ತುಪ್ಪಳಕ್ಕೆ ಅದು ಇಲ್ಲ. ಒಂದು ಸಣ್ಣ ಬಿಂದುವಿನಿಂದ ಎಲ್ಲ ದಿಕ್ಕಿಗೂ ಎಳೆಗಳು ಹರಡಿಕೊಂಡಿರುತ್ತವೆ. ಅಂಗೈ ಮೇಲೆ ಇಟ್ಟು ಉಸಿರು ಬಿಟ್ಟರೆ ಹಾರಿಹೋಗುವಷ್ಟು ಹಗುರ.

ಬೆಚ್ಚಗಿಡುವ ಕೆಲಸ ಮಾಡುವುದು ಆ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ. ಕೋಟು ತಾನಾಗಿ ಶಾಖ ಹುಟ್ಟಿಸುವುದಿಲ್ಲ. ನಿಮ್ಮ ಮೈಯ ಶಾಖ ಹೊರಗೆ ಓಡದಂತೆ ತಡೆಯುತ್ತದೆ, ಅಷ್ಟೆ. ಹೆಚ್ಚು ಗಾಳಿ ಹಿಡಿದಿಟ್ಟಷ್ಟೂ ಹೆಚ್ಚು ಬೆಚ್ಚಗೆ. ಉಣ್ಣೆ ಕೋಟಿನ ಬಟ್ಟೆಯ ದಪ್ಪ ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರ್. ಡೌನ್ ಕೋಟು ಉಬ್ಬಿ ನಿಂತರೆ ಎರಡು ಮೂರು ಸೆಂಟಿಮೀಟರ್. ಅವೆರಡರ ವ್ಯತ್ಯಾಸ ಇರುವುದು ಇಲ್ಲೇ.

ಹಾಗಾದರೆ ಉಣ್ಣೆಯ ಹೆಚ್ಚುಗಾರಿಕೆ ಏನು?

ತೇವ ತಡೆದುಕೊಳ್ಳುವುದು. ಉಣ್ಣೆಯ ಎಳೆ ಗುಂಗುರು ಗುಂಗುರಾಗಿರುತ್ತದೆ, ಒದ್ದೆಯಾದರೂ ಪೂರ್ತಿ ಚಪ್ಪಟೆಯಾಗುವುದಿಲ್ಲ. ತನ್ನ ತೂಕದ ಸುಮಾರು 30% ತೇವವನ್ನು ಎಳೆಯ ಒಳಗೇ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಗಾಳಿಯ ತೇವ ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಹೊರಮೈಯ ಹುರುಪೆಗಳ ಮೇಲೆ ಸಣ್ಣ ಹನಿಗಳು ಜಾರಿಹೋಗುತ್ತವೆ.

ಇದು ನಮಗೆ ಹೊಸ ವಿಷಯ ಏನಲ್ಲ. ಮಲೆನಾಡಿನಲ್ಲಿ ಮಳೆಗಾಲದ ನಾಟಿಗೆ ಗದ್ದೆಗೆ ಇಳಿಯುವವರು ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರು. ದಿನವಿಡೀ ಸುರಿಯುವ ಮಳೆಯಲ್ಲಿ ಕಂಬಳಿ ಭಾರವಾಗುತ್ತಿತ್ತು, ಆದರೆ ಬೆನ್ನು ಬೆಚ್ಚಗೇ ಇರುತ್ತಿತ್ತು. ಚಳ್ಳಕೆರೆ ಕಡೆ ದಕ್ಖನಿ ಕುರಿಯ ಒರಟು ಉಣ್ಣೆಯಲ್ಲಿ, ಹುಣಸೆ ಬೀಜದ ಸರಿ ಹಚ್ಚಿದ ನೂಲಿನಲ್ಲಿ ನೇಯುವ ಕಂಬಳಿಗೂ ವಿದೇಶದ ಅಂಗಡಿಯಲ್ಲಿ ನೇತುಹಾಕಿದ ಉಣ್ಣೆ ಕೋಟಿಗೂ ಮೂಲ ಗುಣ ಒಂದೇ. ಕುರುಬರ ಹೆಗಲ ಮೇಲಿನ ಕಂಬಳಿಯನ್ನು ಕಂಡು ಬೆಳೆದವರಿಗೆ ಉಣ್ಣೆಯ ಬೆಲೆ ಗೊತ್ತು.

ಇನ್ನೊಂದು ಗುಣ: ಉಣ್ಣೆ ಸುಲಭವಾಗಿ ಬೆಂಕಿ ಹಿಡಿಯುವುದಿಲ್ಲ. ಡೌನ್ ಕೋಟಿನ ಹೊರಬಟ್ಟೆ ಸಾಮಾನ್ಯವಾಗಿ ನೈಲಾನ್ ಅಥವಾ ಪಾಲಿಯೆಸ್ಟರ್. ಕ್ಯಾಂಪ್‌ಫೈರ್ ಹತ್ತಿರ ಕೂತಾಗ ಒಂದು ಕಿಡಿ ಹಾರಿದರೆ ತೂತು ಬಿದ್ದು ತುಪ್ಪಳ ಹೊರಗೆ ಬರಲು ಶುರುವಾಗುತ್ತದೆ.

ನಾನು ಹೋಗುವ ಊರಿಗೆ ಯಾವುದು ಸರಿ?

ಜನವರಿಯ ರಾತ್ರಿ ಉಷ್ಣತೆ ನೋಡಿ. ಶಿಕಾಗೋ, ಟೊರೊಂಟೊಗಳಲ್ಲಿ ಸರಾಸರಿ ಮೈನಸ್ 7ರ ಆಸುಪಾಸು. ಮಿನಿಯಾಪೊಲಿಸ್‌ನಲ್ಲಿ ಮೈನಸ್ 13ರ ಹತ್ತಿರ. ಕೆನಡಾದ ವಿನಿಪೆಗ್‌ನಲ್ಲಿ ಮೈನಸ್ 20ಕ್ಕೂ ಕೆಳಗೆ. ಇವು ಸರಾಸರಿ ಮಾತ್ರ. ಶಿಕಾಗೋದಲ್ಲಿ 2019ರ ಜನವರಿ 30ರಂದು ಮೈನಸ್ 30 ಮುಟ್ಟಿತ್ತು. ನಮ್ಮ ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ನಮ್ಮ ಮೈಗೆ ಗೊತ್ತಿರುವ ಚಳಿಯೇ ಬೇರೆ, ಅಲ್ವಾ? ಅದನ್ನು ಅಳತೆಗೋಲು ಮಾಡಿಕೊಂಡು ಕೋಟು ಆರಿಸಬೇಡಿ.

ಈ ಊರುಗಳಿಗೆಲ್ಲ ಡೌನ್ ಬೇಕೇ ಬೇಕು. ಸೊಂಟದವರೆಗಿನದು ಸಾಲದು, ತೊಡೆ ಮುಚ್ಚುವಷ್ಟು ಉದ್ದ ಇರಲಿ. ಟೋಪಿ ಕೋಟಿಗೇ ಹೊಲಿದಿರಲಿ.

ಲಂಡನ್ ಕಥೆ ಬೇರೆ. ಜನವರಿಯಲ್ಲೂ ಹಗಲು 8 ಡಿಗ್ರಿ, ರಾತ್ರಿ 2-3 ಡಿಗ್ರಿ. ಆದರೆ ಮಳೆ ಜಿನುಗುತ್ತಲೇ ಇರುತ್ತದೆ. ಅಲ್ಲಿ ಒಳ್ಳೆಯ ಉಣ್ಣೆ ಕೋಟು, ಒಂದು ಕೊಡೆ, ಒಂದು ಸ್ವೆಟರ್ ಇದ್ದರೆ ಚಳಿಗಾಲ ಕಳೆಯುತ್ತದೆ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗಳಿಗೂ ಇದೇ ಲೆಕ್ಕ. ಅಮೆರಿಕದಲ್ಲಿ ಸಿಯಾಟಲ್ ಇದೇ ಗುಂಪಿಗೆ ಸೇರುತ್ತದೆ.

ನ್ಯೂಯಾರ್ಕ್, ಬಾಸ್ಟನ್ ನಡುವಿನವು. ಒಂದೇ ವಾರದಲ್ಲಿ ಮಳೆ, ಹಿಮ, ಬಿಸಿಲು ಎಲ್ಲ ನೋಡಬಹುದು. ಒಂದೇ ಕೋಟಿಗೆ ದುಡ್ಡಿದ್ದರೆ ಅಲ್ಲೂ ಡೌನ್ ಕಡೆಗೇ ನನ್ನ ಮತ.

ಮೊಬೈಲ್‌ನಲ್ಲಿ ಮೈನಸ್ 10 ಅಂತ ಇರುತ್ತದೆ, ಪಕ್ಕದಲ್ಲೇ "ಫೀಲ್ಸ್ ಲೈಕ್" ಮೈನಸ್ 20 ಅಂತ ಇರುತ್ತದೆ. ಯಾವುದನ್ನು ನಂಬಲಿ?

ಮನೆಯಿಂದ ಹೊರಗೆ ಕಾಲಿಡುವವರು ಎರಡನೆಯದನ್ನು ನಂಬಿ. ಗಾಳಿ ಬೀಸಿದಾಗ ಚರ್ಮಕ್ಕೆ ಅಂಟಿಕೊಂಡಿರುವ ಬೆಚ್ಚಗಿನ ಗಾಳಿಯ ಪದರ ಕಿತ್ತುಹೋಗುತ್ತದೆ, ಮೈ ಬೇಗ ತಣ್ಣಗಾಗುತ್ತದೆ. ಇದನ್ನು ಲೆಕ್ಕ ಹಾಕಲು ಅಮೆರಿಕ ಮತ್ತು ಕೆನಡಾ 2001ರಿಂದ ಒಂದೇ ಸೂತ್ರ ಬಳಸುತ್ತಿವೆ. ಅದರ ಪ್ರಕಾರ ಮೈನಸ್ 10 ಇದ್ದು ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮೈನಸ್ 20ರ ಅನುಭವ. ಮೈನಸ್ 20 ಇದ್ದು ಅದೇ ಗಾಳಿ ಇದ್ದರೆ ಮೈನಸ್ 33.

ಉಣ್ಣೆ ಕೋಟು ಸೋಲುವುದು ಹೆಚ್ಚಾಗಿ ಇಂಥ ಕಡೆಯೇ. ನೇಯ್ಗೆಯ ಸಂದಿಯಿಂದ ಗಾಳಿ ನುಸುಳುತ್ತದೆ, ಗುಂಡಿಗಳ ನಡುವಿನ ಬಿರುಕಿನಿಂದಲೂ ನುಗ್ಗುತ್ತದೆ. ಅಂಗಡಿಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ. ಬಟ್ಟೆಯನ್ನು ಬಾಯಿಗೆ ಒತ್ತಿ ಜೋರಾಗಿ ಊದಿ, ಇನ್ನೊಂದು ಬದಿ ಅಂಗೈ ಹಿಡಿದಿರಿ. ಗಾಳಿ ಸರಾಗವಾಗಿ ಬಂದರೆ ಆ ಕೋಟು ಶಿಕಾಗೋದ ಮಿಷಿಗನ್ ಸರೋವರದ ದಂಡೆಗೆ ಆಗುವುದಿಲ್ಲ. ಮೆಲ್ಟನ್ ಎಂಬ ಒತ್ತು ನೇಯ್ಗೆಯ ಉಣ್ಣೆ ಇದೆ. ನೇಯ್ದ ಮೇಲೆ ನೀರಿನಲ್ಲಿ ಕುಗ್ಗಿಸಿ, ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿರುತ್ತಾರೆ. ಉಣ್ಣೆಯೇ ಬೇಕು ಅನ್ನುವವರು ಅದನ್ನೇ ಕೇಳಿ.

ಹಿಮ ಬಿದ್ದರೆ ಡೌನ್ ಕೋಟು ಒದ್ದೆಯಾಗುವುದಿಲ್ಲವೇ?

ಎಷ್ಟು ಚಳಿ ಇದೆ ಅನ್ನುವುದರ ಮೇಲೆ ಹೋಗುತ್ತದೆ. ಮೈನಸ್ 10ರಲ್ಲಿ ಬೀಳುವ ಹಿಮ ಒಣ ಪುಡಿಯಂತಿರುತ್ತದೆ. ಭುಜದ ಮೇಲಿಂದ ಕೈಯಲ್ಲಿ ಕೊಡವಿದರೆ ಉದುರಿಹೋಗುತ್ತದೆ. ತೊಂದರೆ ಇರುವುದು ಸೊನ್ನೆಯ ಆಸುಪಾಸಿನಲ್ಲಿ. ಆಗ ಬೀಳುವ ಹಿಮ ಅರ್ಧ ನೀರು.

ಡೌನ್ ಪೂರ್ತಿ ತೋಯ್ದರೆ ಹಳೆಯ ಹತ್ತಿ ಹಾಸಿಗೆಯ ಹಾಗೆ ಗಂಟು ಕಟ್ಟಿಕೊಳ್ಳುತ್ತದೆ. ಉಬ್ಬು ಹೋಯಿತು ಎಂದರೆ ಗಾಳಿಯೂ ಹೋಯಿತು, ಬಿಸಿಯೂ ಹೋಯಿತು. ಈಗ ಬರುವ ಬಹಳಷ್ಟು ಕೋಟುಗಳ ಹೊರಬಟ್ಟೆಗೆ ನೀರು ಜಾರುವ ಲೇಪ ಇರುತ್ತದೆ. ಕೆಲವದರಲ್ಲಿ ತುಪ್ಪಳಕ್ಕೇ ಆ ಲೇಪ ಕೊಟ್ಟಿರುತ್ತಾರೆ. ಹತ್ತು ಹದಿನೈದು ನಿಮಿಷದ ತುಂತುರಿಗೆ ಇದು ಸಾಕು. ಗಂಟೆಗಟ್ಟಲೆ ಮಳೆಗೆ ಮೇಲೊಂದು ರೇನ್‌ಕೋಟ್ ಬೇಕೇ ಬೇಕು.

ಉಣ್ಣೆ ಕೋಟು ಒದ್ದೆಯಾದರೆ ಬೆಚ್ಚಗೇನೋ ಇರುತ್ತದೆ, ಆದರೆ ತುಂಬಾ ಭಾರವಾಗುತ್ತದೆ, ಒಣಗಲು ಇಡೀ ದಿನ ಹಿಡಿಯುತ್ತದೆ. ಹೀಟರ್ ಮೇಲೆ ಹಾಕಬೇಡಿ. ಅಗಲ ಭುಜದ ಹ್ಯಾಂಗರ್‌ಗೆ ನೇತುಹಾಕಿ, ಗಾಳಿಗೆ ಬಿಡಿ.

600, 700, 800 ಫಿಲ್ ಪವರ್ ಅಂತ ಬರೆದಿರುತ್ತಾರೆ. ದೊಡ್ಡ ಸಂಖ್ಯೆ ಇದ್ದಷ್ಟೂ ಬೆಚ್ಚಗೆ ಅಂತಲೇ?

ಬಹಳ ಜನ ಹಾಗೆ ತಿಳಿದು ಜಾಸ್ತಿ ದುಡ್ಡು ಕೊಡುತ್ತಾರೆ. ಫಿಲ್ ಪವರ್ ಎಂದರೆ ತುಪ್ಪಳದ ಗುಣಮಟ್ಟ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪಳ ಎಷ್ಟು ಘನ ಅಂಗುಲ ಜಾಗ ತುಂಬುತ್ತದೆ ಎಂಬ ಅಳತೆ ಅದು. 800 ಎಂದರೆ 28 ಗ್ರಾಂ ತುಪ್ಪಳ ಹೆಚ್ಚುಕಡಿಮೆ 13 ಲೀಟರ್ ಜಾಗ ತುಂಬುತ್ತದೆ. 550 ಆದರೆ 9 ಲೀಟರ್.

ಆದರೆ ಕೋಟಿನ ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ. 800ರ ತುಪ್ಪಳ 100 ಗ್ರಾಂ ಇರುವ ಕೋಟಿಗಿಂತ 600ರ ತುಪ್ಪಳ 150 ಗ್ರಾಂ ಇರುವ ಕೋಟು ಹೆಚ್ಚು ಗಾಳಿ ಹಿಡಿಯುತ್ತದೆ. ಗುಣಿಸಿ ನೋಡಿ, ಲೆಕ್ಕ ಸಿಗುತ್ತದೆ. ಹೆಚ್ಚು ಫಿಲ್ ಪವರ್‌ನ ಲಾಭ ಏನೆಂದರೆ ಕಡಿಮೆ ತೂಕದಲ್ಲಿ ಅಷ್ಟೇ ಬಿಸಿ ಸಿಗುತ್ತದೆ, ಮಡಚಿದರೆ ಪುಟ್ಟದಾಗುತ್ತದೆ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಅದು ದೊಡ್ಡ ವಿಷಯ. ಕಾಲೇಜಿಗೆ, ದಿನಸಿ ಅಂಗಡಿಗೆ ಹೋಗಿಬರುವವರಿಗೆ 600-650 ಧಾರಾಳವಾಯಿತು. ಉಳಿದ ದುಡ್ಡಿನಲ್ಲಿ ಒಳ್ಳೆಯ ಬೂಟು ತಗೊಳ್ಳಿ.

ಲೇಬಲ್‌ನಲ್ಲಿ 80/20, 90/10 ಎಂದೂ ಇರುತ್ತದೆ. ಮೊದಲನೆಯದು ತುಪ್ಪಳದ ಪಾಲು, ಎರಡನೆಯದು ಸಣ್ಣ ಗರಿಯ ಪಾಲು. ಗರಿ ಜಾಸ್ತಿ ಇದ್ದರೆ ತೂಕ ಹೆಚ್ಚು, ಚುಚ್ಚುವುದೂ ಹೆಚ್ಚು.

ಅಂಗಡಿಯಲ್ಲಿ ಇನ್ನೇನು ನೋಡಬೇಕು?

ಡೌನ್ ಕೋಟಾದರೆ ಮುಂಭಾಗವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಬಿಡಿ. ತಕ್ಷಣ ಉಬ್ಬಿ ಮೊದಲಿನಂತಾಗಬೇಕು. ಸುಕ್ಕಾಗಿಯೇ ಉಳಿದರೆ ಬಿಟ್ಟುಬಿಡಿ. ಆಮೇಲೆ ಹೊಲಿಗೆ ಸಾಲಿನ ಮೇಲೆ ಬೆರಳಾಡಿಸಿ. ಹೊರಬಟ್ಟೆ ಮತ್ತು ಒಳಬಟ್ಟೆಯನ್ನು ಸೇರಿಸಿ ನೇರವಾಗಿ ಹೊಲಿದಿದ್ದರೆ ಆ ಸಾಲಿನಲ್ಲಿ ತುಪ್ಪಳವೇ ಇರುವುದಿಲ್ಲ. ಎರಡು ಬಟ್ಟೆ ಅಂಟಿಕೊಂಡಿರುವುದು ಬೆರಳಿಗೆ ಗೊತ್ತಾಗುತ್ತದೆ, ಚಳಿ ಒಳಗೆ ಬರುವುದೂ ಅಲ್ಲಿಂದಲೇ. ತೀರಾ ಚಳಿ ಊರಿಗೆ ಮಾಡಿದ ಕೋಟುಗಳಲ್ಲಿ ಎರಡು ಬಟ್ಟೆಯ ನಡುವೆ ಪುಟ್ಟ ಗೋಡೆಯಂತೆ ಪಟ್ಟಿ ಕೊಟ್ಟು ಹೊಲಿದಿರುತ್ತಾರೆ. ಇಲ್ಲವೇ ಹೊಲಿಗೆ ಕಾಣದಂತೆ ಮೇಲೊಂದು ಬಟ್ಟೆ ಇರುತ್ತದೆ. ಝಿಪ್ಪಿನ ಹಿಂದೆ ಗಾಳಿ ತಡೆಯುವ ಪಟ್ಟಿ ಇದೆಯೇ, ತೋಳಿನ ತುದಿ ಮಣಿಕಟ್ಟಿಗೆ ಬಿಗಿಯಾಗಿ ಕೂರುತ್ತದೆಯೇ, ಇವನ್ನೂ ನೋಡಿ.

ಉಣ್ಣೆ ಕೋಟಾದರೆ ಲೇಬಲ್ ತಿರುಗಿಸಿ ಓದಿ. 70-80% ಉಣ್ಣೆ, ಉಳಿದದ್ದು ನೈಲಾನ್ ಇದ್ದರೆ ತಪ್ಪೇನಿಲ್ಲ, ಬಾಳಿಕೆ ಬರುತ್ತದೆ. ಹೆಚ್ಚಿನ ಪಾಲು ಪಾಲಿಯೆಸ್ಟರ್ ಆಗಿದ್ದರೆ ಅದು ನೋಡಲು ಮಾತ್ರ ಉಣ್ಣೆ. ಒಳಗೆ ಪೂರ್ತಿ ಲೈನಿಂಗ್ ಇರಲಿ. ಇಲ್ಲದಿದ್ದರೆ ಸ್ವೆಟರ್ ಮೇಲೆ ಕೋಟು ಜಾರುವುದಿಲ್ಲ, ತೋಳು ಸುತ್ತಿಕೊಳ್ಳುತ್ತದೆ.

ಯಾವ ಕೋಟೇ ಆಗಲಿ, ಒಳಗೆ ದಪ್ಪ ಸ್ವೆಟರ್ ಹಾಕಿಕೊಂಡೇ ಅಳತೆ ನೋಡಿ. ಎರಡೂ ಕೈ ಮುಂದೆ ಚಾಚಿ, ಮೇಲೆತ್ತಿ. ಬೆನ್ನು ಬಿಗಿದರೆ ಒಂದು ಸೈಜ್ ದೊಡ್ಡದು ತಗೊಳ್ಳಿ. ಬಿಗಿಯಾದ ಕೋಟಿನಲ್ಲಿ ತುಪ್ಪಳ ಒತ್ತಿಹೋಗಿ ಉಬ್ಬುವುದಕ್ಕೆ ಜಾಗವೇ ಸಿಗುವುದಿಲ್ಲ.

ಹಿಂದಿನವರು ಉಣ್ಣೆ ಹಾಕಿಕೊಂಡೇ ಹಿಮಾಲಯ ಹತ್ತುತ್ತಿದ್ದರಲ್ಲ?

ಹತ್ತುತ್ತಿದ್ದರು, ಕಷ್ಟವನ್ನೂ ಪಡುತ್ತಿದ್ದರು. 1922ರಲ್ಲಿ ಎವರೆಸ್ಟ್‌ಗೆ ಹೊರಟ ಬ್ರಿಟಿಷ್ ತಂಡದಲ್ಲಿ ಜಾರ್ಜ್ ಫಿಂಚ್ ಎಂಬ ರಸಾಯನಶಾಸ್ತ್ರಜ್ಞ ಇದ್ದರು, ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಉಳಿದವರೆಲ್ಲ ಉಣ್ಣೆ, ಟ್ವೀಡ್, ಗ್ಯಾಬರ್ಡೀನ್ ನಂಬಿಕೊಂಡಿದ್ದಾಗ ಇವರು ಬಲೂನಿಗೆ ಬಳಸುವ ಬಟ್ಟೆಯಲ್ಲಿ ಐಡರ್ ಬಾತಿನ ತುಪ್ಪಳ ತುಂಬಿಸಿ ಒಂದು ಉದ್ದನೆಯ ಕೋಟು ಹೊಲಿಸಿಕೊಂಡಿದ್ದರು. ಮೊದಮೊದಲು ಅದನ್ನು ನೋಡಿ ನಕ್ಕವರೇ ಎತ್ತರಕ್ಕೆ ಹೋದ ಮೇಲೆ, ಗಾಳಿ ಬೀಸತೊಡಗಿದ ಮೇಲೆ, ಆ ಕೋಟಿನ ಮೇಲೆ ಆಸೆಪಟ್ಟರು. ಫಿಂಚ್ ಮತ್ತು ಜೆಫ್ರಿ ಬ್ರೂಸ್ ಆ ವರ್ಷ ಆಮ್ಲಜನಕದ ಸಹಾಯದಿಂದ 8,300 ಮೀಟರ್ ದಾಟಿದರು. ಅಲ್ಲಿಯವರೆಗೆ ಯಾರೂ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ.

ಪೇಟೆಗೆ ಈ ಕೋಟು ಬಂದದ್ದು ಅಮೆರಿಕದಿಂದ. ಸಿಯಾಟಲ್‌ನ ಎಡ್ಡಿ ಬಾವರ್ ಚಳಿಗಾಲದಲ್ಲಿ ಮೀನು ಹಿಡಿಯಲು ಹೋಗಿ, ಉಣ್ಣೆ ಬಟ್ಟೆ ತೋಯ್ದು ಚಳಿಯಿಂದ ಸಾಯುವ ಸ್ಥಿತಿಗೆ ಬಂದಿದ್ದರು. ಆಮೇಲೆ ಅವರು ಸಾಲು ಸಾಲಾಗಿ ಹೊಲಿದ ಡೌನ್ ಜಾಕೆಟ್ ಮಾಡಿ ಮಾರಲು ಶುರುಮಾಡಿದರು, 1940ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇಂದಿನ ಉಬ್ಬುಬ್ಬಾದ ಪಫರ್ ಜಾಕೆಟ್‌ಗಳು ಆ ಸಾಲಿನಲ್ಲೇ ಬಂದವು.

ಬೆಂಗಳೂರಿನಲ್ಲೇ ಕೊಂಡು ಹೋಗಲೇ, ಅಲ್ಲಿ ಹೋಗಿ ಕೊಳ್ಳಲೇ?

ಅಲ್ಲಿಯೇ ಕೊಳ್ಳಿ. ಇಲ್ಲಿ ಸಿಗುವ ಡೌನ್ ಜಾಕೆಟ್‌ಗಳು ಹೆಚ್ಚಾಗಿ ಚಾರಣಕ್ಕೆಂದು ಮಾಡಿದ ತೆಳ್ಳನೆಯವು. ಸೊಂಟಕ್ಕೇ ಮುಗಿಯುತ್ತವೆ. ಒಳಪದರಕ್ಕೆ ಚೆನ್ನಾಗಿವೆ, ವಿನಿಪೆಗ್ ಚಳಿಗೆ ಅದೊಂದೇ ಸಾಲದು. ಆಗಸ್ಟ್‌ನಲ್ಲಿ ಹೊರಟ ವಿದ್ಯಾರ್ಥಿಗೆ ಕೋಟು ಕೊಳ್ಳಲು ಅಕ್ಟೋಬರ್‌ವರೆಗೂ ಸಮಯ ಇದೆ. ಸುಮ್ನೆ ಸೂಟ್‌ಕೇಸ್‌ನಲ್ಲಿ ಎರಡು ಕಿಲೋ ಜಾಗ ಯಾಕೆ ಕಳೆಯಬೇಕು? ಆ ಜಾಗಕ್ಕೆ ಸಾರಿನ ಪುಡಿ, ಹುಳಿಪುಡಿ ಹಾಕಿಕೊಳ್ಳಿ.

ದುಡ್ಡು ಕಡಿಮೆ ಇದ್ದರೆ ಅಮೆರಿಕದಲ್ಲಿ ಗುಡ್‌ವಿಲ್, ಕೆನಡಾದಲ್ಲಿ ವ್ಯಾಲ್ಯೂ ವಿಲೇಜ್‌ನಂಥ ಹಳೆ ಬಟ್ಟೆ ಅಂಗಡಿಗಳಿಗೆ ಹೋಗಿ. ನಾಚಿಕೆ ಪಡಬೇಕಾದದ್ದು ಏನೂ ಇಲ್ಲ. ಒಳ್ಳೆಯ ಉಣ್ಣೆ ಕೋಟುಗಳು ಅಲ್ಲಿ ಧಾರಾಳವಾಗಿ ಸಿಗುತ್ತವೆ. ಹೊಸ ಡೌನ್ ಕೋಟಿನ ಬೆಲೆ ಇಳಿಯುವುದು ಚಳಿಗಾಲದ ಕೊನೆಗೆ, ಫೆಬ್ರವರಿ-ಮಾರ್ಚ್‌ನಲ್ಲಿ. ಎರಡನೇ ವರ್ಷಕ್ಕೆ ಬೇಕಾದದ್ದನ್ನು ಆಗ ಕೊಳ್ಳಿ.

ಡಿಸೆಂಬರ್-ಜನವರಿಯಲ್ಲೇ ಇಳಿಯುವವರು ಮಾತ್ರ ಕೈಯಲ್ಲಿ ಒಂದು ಜಾಕೆಟ್ ಹಿಡಿದುಕೊಂಡೇ ವಿಮಾನ ಹತ್ತಿ. ಏರ್‌ಪೋರ್ಟ್ ಬಾಗಿಲಿನಿಂದ ಕಾರಿನವರೆಗೆ ಹೋಗುವುದಕ್ಕೂ ಅದು ಬೇಕು.

ನಮ್ಮ ಊರುಗಳಲ್ಲಿ ಚಳಿಗಾಲಕ್ಕೆ ಟಿಬೆಟನ್ನರು ತಂದು ಮಾರುವ ಸ್ವೆಟರ್‌ಗಳ ಬಗ್ಗೆಯೂ ಕೇಳುತ್ತಾರೆ. ಬೆಂಗಳೂರು, ಹಾಸನ, ಮಡಿಕೇರಿಗೆ ಅವು ಬಹಳ ಚೆನ್ನಾಗಿವೆ. ಆದರೆ ಹೆಚ್ಚಿನವು ಲುಧಿಯಾನದಿಂದ ಬರುವ ಅಕ್ರಿಲಿಕ್, ಉಣ್ಣೆಯಲ್ಲ.

ಅಮ್ಮ ಸೀರೆ ಬಿಟ್ಟು ಬೇರೇನೂ ಉಡುವುದಿಲ್ಲ. ಅವರಿಗೆ ಯಾವ ಕೋಟು?

ಮೊಣಕಾಲಿನಿಂದ ಚೆನ್ನಾಗಿ ಕೆಳಗೆ ಬರುವ ಡೌನ್ ಕೋಟು. ಝಿಪ್ ಮೇಲಿಂದಲೂ ಕೆಳಗಿಂದಲೂ ತೆರೆಯುವಂತಿರಬೇಕು. ಇದು ಬಹಳ ಮುಖ್ಯ. ಮೆಟ್ಟಿಲು ಹತ್ತುವಾಗ, ಕಾರಿನಲ್ಲಿ ಕೂರುವಾಗ ಕೆಳಗಿನಿಂದ ಒಂದು ಗೇಣು ಝಿಪ್ ತೆರೆದರೆ ನೆರಿಗೆಗೆ ಜಾಗ ಸಿಗುತ್ತದೆ, ಕಾಲು ಸಲೀಸಾಗಿ ಆಡುತ್ತದೆ. ಇಲ್ಲದಿದ್ದರೆ ಹಿಮ ಬಿದ್ದ ಮೆಟ್ಟಿಲಿನ ಮೇಲೆ ಎಡವುವ ಭಯ.

ಉಣ್ಣೆಯ ಉದ್ದ ಕೋಟು ಎರಡು ಕಿಲೋದಷ್ಟು ತೂಗುತ್ತದೆ. ಭುಜ, ಕುತ್ತಿಗೆ ನೋವಿರುವ ಅರವತ್ತು ದಾಟಿದವರಿಗೆ ಅದು ಹೊರೆ. ಅದೇ ಉದ್ದದ ಡೌನ್ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಹಗುರ.

ಲಂಗದ ಒಳಗೆ ಉಣ್ಣೆಯ ಥರ್ಮಲ್ ಪ್ಯಾಂಟ್, ಕಾಲಿಗೆ ಉಣ್ಣೆಯ ಕಾಲುಚೀಲ, ಮೇಲೆ ಬೂಟು. ಸೀರೆಯನ್ನು ಒಂದೆರಡು ಅಂಗುಲ ಮೇಲಕ್ಕೇ ಉಡಲು ಹೇಳಿ. ರಸ್ತೆಯ ಪಕ್ಕ ಕರಗಿದ ಹಿಮ, ಉಪ್ಪು, ಕೆಸರು ಸೇರಿ ರೊಚ್ಚೆಯಾಗಿರುತ್ತದೆ. ಹತ್ತಿ ಸೀರೆಯ ಅಂಚು ಅದರಲ್ಲಿ ಒಮ್ಮೆ ತೋಯ್ದರೆ ನೀರು ನಿಧಾನವಾಗಿ ಮೇಲಕ್ಕೇರಿ ಮೀನಖಂಡದವರೆಗೂ ತಣ್ಣಗೆ ಅಂಟಿಕೊಳ್ಳುತ್ತದೆ. ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿಕೊಂಡು ಕೋಟು ಹಾಕಿಕೊಂಡರೆ ತೋಳಿನ ಹತ್ತಿರ ಗಂಟಾಗುವುದಿಲ್ಲ.

ಕೋಟಿನ ಒಳಗೆ ಏನು ಹಾಕಿಕೊಳ್ಳಬೇಕು?

ನನ್ನ ಗಟ್ಟಿ ನಂಬಿಕೆ ಇದು: ಮೈಗೆ ಉಣ್ಣೆ, ಮೇಲೆ ಡೌನ್. ಎರಡನ್ನೂ ಎದುರು ಬದುರು ನಿಲ್ಲಿಸಿ ಆರಿಸುವ ಬದಲು ಅವುಗಳ ಜಾಗ ಗುರುತಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಮೆರಿನೋ ಎಂಬ ಕುರಿ ತಳಿಯ ನಯವಾದ ಉಣ್ಣೆಯ ತೆಳ್ಳನೆ ಬನಿಯನ್ ಚುಚ್ಚುವುದಿಲ್ಲ, ಬೆವರಿನ ತೇವ ಹೀರುತ್ತದೆ, ಬೇಗ ವಾಸನೆ ಬರುವುದಿಲ್ಲ. ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್ ಎಂಬ ಮೆತ್ತನೆ ಪಾಲಿಯೆಸ್ಟರ್ ಬಟ್ಟೆಯ ಅಂಗಿ, ಮೇಲೆ ಡೌನ್ ಕೋಟು. ಒಳಗೆ ಹತ್ತಿ ಬನಿಯನ್ ಬೇಡ. ಬೆವರಿದರೆ ಒದ್ದೆಯಾಗಿ ಮೈಗೆ ಅಂಟಿಕೊಂಡು ನಿಂತಾಗ ಚಳಿ ಹಿಡಿಸುತ್ತದೆ.

ಅಲ್ಲಿ ಮನೆ, ಅಂಗಡಿ, ತರಗತಿ ಎಲ್ಲ ಕಡೆ ಒಳಗೆ 20-22 ಡಿಗ್ರಿ ಇರುತ್ತದೆ. ರೈಲು ಹತ್ತಿದ ಕೂಡಲೇ ಕೋಟಿನ ಝಿಪ್ ತೆರೆದುಬಿಡಿ, ಬೆವರುವವರೆಗೆ ಕಾಯಬೇಡಿ.

ಮಗುವಿಗೆ ದಪ್ಪ ಡೌನ್ ಜಾಕೆಟ್ ಹಾಕಿ ಕಾರ್ ಸೀಟಿನಲ್ಲಿ ಕೂರಿಸಬಹುದೇ?

ಬೇಡ. ದಯವಿಟ್ಟು ಬೇಡ. ಬೆಲ್ಟ್ ಬಿಗಿಯಾಗಿದೆ ಅಂತ ನಿಮಗೆ ಅನ್ನಿಸುತ್ತದೆ, ಆದರೆ ಬೆಲ್ಟ್ ಒತ್ತಿರುವುದು ಉಬ್ಬಿದ ಜಾಕೆಟ್ ಮೇಲೆ. ಡಿಕ್ಕಿಯಾದಾಗ ಆ ಉಬ್ಬು ಕ್ಷಣದಲ್ಲಿ ಚಪ್ಪಟೆಯಾಗಿ ಬೆಲ್ಟ್ ಸಡಿಲವಾಗುತ್ತದೆ, ಮಗು ಅದರಿಂದ ಜಾರಿ ಹೊರಬೀಳಬಹುದು. ಅಲ್ಲಿನ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಇದೇ ಎಚ್ಚರಿಕೆ ಕೊಡುತ್ತದೆ.

ಮನೆಯಲ್ಲೇ ಪರೀಕ್ಷಿಸಿ ನೋಡಿ. ಜಾಕೆಟ್ ಹಾಕಿ ಬೆಲ್ಟ್ ಬಿಗಿಯಿರಿ. ಬೆಲ್ಟ್‌ನ ಉದ್ದ ಬದಲಿಸದೆ ಮಗುವನ್ನು ಇಳಿಸಿ, ಜಾಕೆಟ್ ತೆಗೆದು ಮತ್ತೆ ಕೂರಿಸಿ. ಎಷ್ಟು ಸಡಿಲ ಇದೆ ಎಂದು ಕಣ್ಣಾರೆ ಕಾಣುತ್ತದೆ. ತೆಳ್ಳನೆ ಉಣ್ಣೆ ಅಥವಾ ಫ್ಲೀಸ್ ಹಾಕಿ ಬೆಲ್ಟ್ ಬಿಗಿದು, ಅದರ ಮೇಲೆ ಕಂಬಳಿ ಹೊದಿಸಿ. ಅಥವಾ ಜಾಕೆಟ್ಟನ್ನೇ ಹಿಂದುಮುಂದಾಗಿ, ತೋಳು ಮುಂದಿನಿಂದ ತೂರಿಸಿ ಹೊದಿಸಿ.

ನಾವು ಸಸ್ಯಾಹಾರಿಗಳು. ಡೌನ್ ಹಾಕಿಕೊಳ್ಳಬಹುದೇ?

ತೀರ್ಮಾನ ನಿಮ್ಮದು. ವಿಷಯ ಮಾತ್ರ ಮುಚ್ಚಿಡದೆ ಹೇಳುತ್ತೇನೆ. ಪೇಟೆಯ ಡೌನ್‌ನಲ್ಲಿ ಹೆಚ್ಚಿನದು ಮಾಂಸಕ್ಕೆಂದು ಕೊಂದ ಬಾತು, ಹೆಬ್ಬಾತುಗಳದ್ದು. ಬದುಕಿರುವ ಹಕ್ಕಿಯ ಮೈಯಿಂದ ಕಿತ್ತ ತುಪ್ಪಳವೂ ಪೇಟೆಗೆ ಬಂದದ್ದಿದೆ. 2014ರಲ್ಲಿ ಬಂದ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್ ಎಂಬ ಪ್ರಮಾಣಪತ್ರದ ನಿಯಮ ಇದನ್ನು ಮತ್ತು ಬಲವಂತವಾಗಿ ತಿನ್ನಿಸುವುದನ್ನು ನಿಷೇಧಿಸುತ್ತದೆ. ಕೋಟಿನ ಲೇಬಲ್‌ನಲ್ಲಿ ಆ ಗುರುತು ನೋಡಿ. ಆದರೆ ಹಕ್ಕಿಯನ್ನು ಕೊಲ್ಲುವುದು ಅದರಿಂದ ನಿಲ್ಲುವುದಿಲ್ಲ. ಐಸ್‌ಲ್ಯಾಂಡ್‌ನಲ್ಲಿ ಐಡರ್ ಬಾತು ತನ್ನ ಗೂಡಿಗೆ ಹಾಸಿದ ತುಪ್ಪಳವನ್ನು ಹಕ್ಕಿಗೆ ನೋವಾಗದಂತೆ ಆಯ್ದು ತರುತ್ತಾರೆ. ಅದರ ಬೆಲೆ ಮಾತ್ರ ನಮ್ಮಂಥವರ ಕೈಗೆ ಎಟುಕುವುದಿಲ್ಲ.

ಉಣ್ಣೆಗೆ ಕುರಿಯನ್ನು ಕೊಲ್ಲಬೇಕಿಲ್ಲ, ಕತ್ತರಿಸಿದ ಕೂದಲು ಮತ್ತೆ ಬೆಳೆಯುತ್ತದೆ. ಆದರೆ ಆಸ್ಟ್ರೇಲಿಯಾದ ಮೆರಿನೋ ಕುರಿಗಳ ಹಿಂಭಾಗದ ಚರ್ಮ ಕತ್ತರಿಸುವ ಮ್ಯೂಲ್ಸಿಂಗ್ ಪದ್ಧತಿಯ ಬಗ್ಗೆ ತಕರಾರಿದೆ. ಬೇಡ ಅನ್ನುವವರು ಮ್ಯೂಲ್ಸಿಂಗ್ ಮಾಡದ ಉಣ್ಣೆ ಎಂದು ಬರೆದದ್ದನ್ನೇ ಹುಡುಕಿ.

ಪ್ರಾಣಿಯಿಂದ ಬಂದದ್ದು ಏನೂ ಬೇಡ ಎಂದರೆ ಪ್ರೈಮಾಲಾಫ್ಟ್, ಥಿನ್ಸುಲೇಟ್‌ನಂಥ ಕೃತಕ ನಾರು ತುಂಬಿದ ಕೋಟು ತಗೊಳ್ಳಿ. ಪ್ರೈಮಾಲಾಫ್ಟ್ ಹುಟ್ಟಿದ್ದೇ 1980ರ ದಶಕದಲ್ಲಿ, ಡೌನ್ ಬದಲಿಗೆ ಅಮೆರಿಕದ ಸೈನ್ಯಕ್ಕೆಂದು. ಅಷ್ಟೇ ಬಿಸಿಗೆ ಸ್ವಲ್ಪ ಹೆಚ್ಚು ತೂಕ ಹೊರಬೇಕು, ವರ್ಷಗಳು ಕಳೆದಂತೆ ಉಬ್ಬು ಬೇಗ ಇಳಿಯುತ್ತದೆ. ಆದರೆ ಒದ್ದೆಯಾದರೂ ಬೆಚ್ಚಗಿರುತ್ತದೆ, ಅಗ್ಗ, ಮನೆಯಲ್ಲೇ ಒಗೆಯಬಹುದು. ಮನಸ್ಸಿಗೆ ಹಿಂಸೆ ಮಾಡಿಕೊಂಡು ಡೌನ್ ಹಾಕಿಕೊಳ್ಳುವ ಅಗತ್ಯ ಈಗ ಯಾರಿಗೂ ಇಲ್ಲ.

ಒಗೆಯುವುದು ಹೇಗೆ?

ಡೌನ್ ಕೋಟನ್ನು ಮುಂದಿನಿಂದ ಬಟ್ಟೆ ಹಾಕುವ ಮೆಷಿನ್‌ನಲ್ಲಿ, ತಣ್ಣೀರಿನಲ್ಲಿ, ಮೆದುವಾದ ಸೋಪಿನಲ್ಲಿ ಒಗೆಯಿರಿ. ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ. ನಿಜವಾದ ಕೆಲಸ ಇರುವುದು ಒಣಗಿಸುವುದರಲ್ಲಿ. ಡ್ರೈಯರ್‌ನಲ್ಲಿ ಕಡಿಮೆ ಶಾಖಕ್ಕೆ ಇಟ್ಟು ಎರಡು ಮೂರು ಶುಭ್ರ ಟೆನಿಸ್ ಬಾಲ್ ಹಾಕಿ. ಅವು ಬಡಿದು ಬಡಿದು ತುಪ್ಪಳದ ಗಂಟು ಬಿಡಿಸುತ್ತವೆ. ಎರಡು ಮೂರು ಗಂಟೆ ಹಿಡಿಯಬಹುದು. ಮೇಲೆ ಒಣಗಿದಂತೆ ಕಂಡರೂ ಬೆರಳಿನಿಂದ ಒತ್ತಿ ನೋಡಿ, ಒಳಗೆ ಗಂಟು ಸಿಕ್ಕರೆ ಇನ್ನೂ ಹಸಿ ಇದೆ ಎಂದರ್ಥ. ಅರೆಒಣಗಿದ್ದನ್ನು ಎತ್ತಿಟ್ಟರೆ ಮುಗ್ಗಲು ವಾಸನೆ ಬಂದು ಕೋಟು ಹಾಳಾಗುತ್ತದೆ.

ಗರಿಯ ತುದಿ ಹೊರಗೆ ಇಣುಕಿದರೆ ಕೀಳಬೇಡಿ. ಒಂದನ್ನು ಎಳೆದರೆ ಅದರ ಹಿಂದೆ ಇನ್ನೆರಡು ಬರುತ್ತವೆ, ತೂತೂ ದೊಡ್ಡದಾಗುತ್ತದೆ. ಒಳಬದಿಯಿಂದ ಬಟ್ಟೆ ಸಮೇತ ಹಿಡಿದು ಗರಿಯನ್ನು ಒಳಕ್ಕೇ ಎಳೆದುಕೊಳ್ಳಿ.

ಉಣ್ಣೆ ಕೋಟನ್ನು ಮೆಷಿನ್‌ಗೆ ಹಾಕಬೇಡಿ. ಬಿಸಿನೀರು ಮತ್ತು ಉಜ್ಜಾಟ ಸೇರಿದರೆ ಎಳೆಗಳ ಹುರುಪೆ ಒಂದಕ್ಕೊಂದು ಕಚ್ಚಿಕೊಂಡು ಕೋಟು ಕುಗ್ಗಿಹೋಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಚಳಿಗಾಲ ಮುಗಿದ ಮೇಲೆ ಒಮ್ಮೆ ಡ್ರೈ ಕ್ಲೀನಿಂಗ್‌ಗೆ ಕೊಟ್ಟರೆ ಸಾಕು. ಉಳಿದಂತೆ ಬ್ರಶ್‌ನಿಂದ ಮೇಲಿನಿಂದ ಕೆಳಕ್ಕೆ ಧೂಳು ಕೊಡವಿ.

ಕೋಟಿಗೆ ಒಗ್ಗರಣೆ ವಾಸನೆ ಹಿಡಿಯುತ್ತದೆ. ಏನು ಮಾಡಲಿ?

ಇದನ್ನು ಸಂಕೋಚದಿಂದ, ದನಿ ತಗ್ಗಿಸಿ ಕೇಳುವವರೇ ಹೆಚ್ಚು. ಚಳಿಗಾಲದಲ್ಲಿ ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಇಂಗು, ಬೆಳ್ಳುಳ್ಳಿ, ಎಣ್ಣೆಯ ಹೊಗೆ ಮನೆಯಲ್ಲೇ ಸುತ್ತುತ್ತದೆ. ಉಣ್ಣೆ ಅದನ್ನು ಬೇಗ ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಡೌನ್ ಕೋಟಿನ ನೈಲಾನ್‌ಗೆ ಹಿಡಿಯುವುದು ಕಡಿಮೆ. ಬಾಗಿಲ ಹತ್ತಿರದ ಕೊಕ್ಕೆಗೆ ಕೋಟು ನೇತುಹಾಕುವುದು ಬಿಡಿ. ಮಲಗುವ ಕೋಣೆಯ ಬೀರುವಿನಲ್ಲಿಟ್ಟು ಬಾಗಿಲು ಮುಚ್ಚಿ, ಆಮೇಲೆ ಒಲೆ ಹಚ್ಚಿ. ವಾಸನೆ ಹಿಡಿದಿದ್ದರೆ ಒಣ ಚಳಿಯ ದಿನ ಬಾಲ್ಕನಿಯಲ್ಲಿ ಒಂದೆರಡು ಗಂಟೆ ನೇತುಹಾಕಿ. ಅಡುಗೆ ಬಿಡಬೇಕಾಗಿಲ್ಲ.

ನಾಲ್ಕು ದಿನ ಕಾಶ್ಮೀರಕ್ಕೆ ಹೋಗಿಬರುವುದು ಅಷ್ಟೇ. ಕೋಟು ಕೊಳ್ಳಬೇಕೇ?

ಬೇಡ. ಗುಲ್ಮಾರ್ಗ್‌ಗೆ ಹೋಗುವ ದಾರಿಯ ತಂಗಮಾರ್ಗ್‌ನಲ್ಲಿ ಜಾಕೆಟ್, ಗಂಬೂಟ್ ಬಾಡಿಗೆಗೆ ಸಿಗುತ್ತವೆ. ಮನಾಲಿ ಕಡೆಯೂ ಅಷ್ಟೆ. ಒಳಗೆ ಹಾಕುವ ಥರ್ಮಲ್, ಕಾಲುಚೀಲ ನಿಮ್ಮದೇ ಇರಲಿ. ಅಲ್ಲಿನವರು ಹಾಕುವ ಉಣ್ಣೆಯ ಫೆರನ್ ನೋಡಿ ಬನ್ನಿ. ಸಡಿಲವಾಗಿ ಮೊಣಕಾಲಿನವರೆಗೆ ಇಳಿಬಿದ್ದಿರುವ ಆ ಅಂಗಿಯ ಒಳಗೆ ಕಾಂಗಡಿ ಎಂಬ ಕೆಂಡದ ಕುಡಿಕೆ ಹಿಡಿದು ಓಡಾಡುತ್ತಾರೆ. ನೈಲಾನ್ ಜಾಕೆಟ್‌ನಲ್ಲಿ ಆ ಕೆಲಸ ಆಗದು.

ಜನವರಿಯಲ್ಲಿ ಲೇಹ್‌ಗೆ ಹೋಗುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ರಾತ್ರಿ ಮೈನಸ್ 10ಕ್ಕಿಂತ ಕೆಳಗಿಳಿಯುತ್ತದೆ, ಒಣ ಚಳಿ. ಒಳ್ಳೆಯ ಡೌನ್ ಕೋಟು ಕೈಯಲ್ಲಿರಲಿ.

ಆಫೀಸಿಗೆ ಪಫರ್ ಹಾಕಿಕೊಂಡು ಹೋದರೆ ಚೆನ್ನಾಗಿರುತ್ತದಾ?

ಮಿನಿಯಾಪೊಲಿಸ್‌ನಲ್ಲಿ ಯಾರೂ ತಿರುಗಿಯೂ ನೋಡುವುದಿಲ್ಲ. ಸೂಟು ಹಾಕುವ ಕೆಲಸವಾದರೆ ನವೆಂಬರ್ ಮತ್ತು ಮಾರ್ಚ್‌ಗೆ ಒಂದು ಉಣ್ಣೆ ಕೋಟು ಇಟ್ಟುಕೊಳ್ಳಿ. ಸೂಟಿನ ಮೇಲೆ ಅದರಷ್ಟು ಅಂದವಾಗಿ ಬೇರೇನೂ ಕೂರುವುದಿಲ್ಲ.

ಊರಿಗೆ ಮರಳುವಾಗ ಕೋಟನ್ನು ತರಬೇಕೇ?

ಉಣ್ಣೆಯದನ್ನು ತರಬಹುದು. ದೆಹಲಿಯ ಚಳಿಗೆ, ಡಿಸೆಂಬರ್‌ನ ಉತ್ತರ ಭಾರತದ ಮದುವೆಗೆ ಆಗುತ್ತದೆ. ಡ್ರೈ ಕ್ಲೀನ್ ಮಾಡಿಸಿ, ಬಟ್ಟೆಯ ಚೀಲದಲ್ಲಿ ನುಸಿಗುಳಿಗೆ ಹಾಕಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬಟ್ಟೆ ತಿನ್ನುವ ಹುಳ ಮೊದಲು ಬಾಯಿ ಹಾಕುವುದು ಬೆವರು, ಅಡುಗೆಯ ಕಲೆ ಇರುವ ಉಣ್ಣೆಗೇ. ಮಂಗಳೂರು, ಉಡುಪಿ, ಶಿವಮೊಗ್ಗದ ಕಡೆಯವರು ಮಳೆಗಾಲದ ನಡುವೆ ಬಿಸಿಲು ಕಂಡ ದಿನ ಹೊರಗೆ ತೆಗೆದು ಗಾಳಿಗೆ ಹಾಕಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಡೌನ್ ಕೋಟನ್ನು ವಿಮಾನ ಪ್ರಯಾಣದ ಮಟ್ಟಿಗೆ ಒತ್ತಿ ಚೀಲಕ್ಕೆ ತುಂಬಿದರೆ ಏನೂ ಆಗುವುದಿಲ್ಲ. ಗಾಳಿ ಹೀರಿ ಚಪ್ಪಟೆ ಮಾಡುವ ಪ್ಲಾಸ್ಟಿಕ್ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಮಾತ್ರ ತುಪ್ಪಳ ಉಬ್ಬುವ ಗುಣ ಕಳೆದುಕೊಳ್ಳುತ್ತದೆ. ಆದರೆ ಬೆಂಗಳೂರಿನಲ್ಲಿ ಅದನ್ನು ಹಾಕಿಕೊಳ್ಳುವ ಒಂದು ದಿನವೂ ಬರುವುದಿಲ್ಲ. ಒಗೆದು, ಒಣಗಿಸಿ, ಆ ವರ್ಷ ಹೊಸದಾಗಿ ಬಂದ ಯಾವುದಾದರೂ ವಿದ್ಯಾರ್ಥಿಗೆ ಕೊಟ್ಟು ಬನ್ನಿ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಭಾರತೀಯ ವಿದ್ಯಾರ್ಥಿ ಸಂಘ ಇರುತ್ತದೆ, ಅಲ್ಲಿ ಒಂದು ಮಾತು ಹೇಳಿದರೆ ಸಾಕು, ಅದೇ ದಿನ ಯಾರಾದರೂ ಬಂದು ತಗೊಂಡು ಹೋಗುತ್ತಾರೆ.